ಟಿಪ್ಪು ಬಂದೂಕಿನ ಇಸವಿ: ಹಿಜರಿ ಅಂದುಕೊಂಡರೆ ಎಡವಿದಿರಿ!

ಟಿಪ್ಪು ಸುಲ್ತಾನನದು ಎನ್ನಲಾದ ಬಂದೂಕಿನ ಮೇಲೆ 1222 ಎಂಬ ಇಸವಿ ಇದೆ ಎಂದಿಟ್ಟುಕೊಳ್ಳಿ. ಹಿಜರಿ ಲೆಕ್ಕದಲ್ಲಿ ಅದು ಕ್ರಿ.ಶ. 1807. ಆದರೆ ಟಿಪ್ಪು ಮಡಿದಿದ್ದು 1799ರಲ್ಲಿ! ಹಾಗಾದರೆ ಬಂದೂಕು ನಕಲಿಯೇ? ಅವಸರ ಬೇಡ. ಉತ್ತರ ಆತನ ಬದುಕಿನಲ್ಲೇ ಇದೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರ್ ಅಲಿ 1782ರಲ್ಲಿ ತೀರಿಕೊಂಡಾಗ ಯುದ್ಧದ ನಡುವೆಯೇ ಮೈಸೂರಿನ ಅಧಿಕಾರ ವಹಿಸಿಕೊಂಡ. ಬಂದೂಕುಗಳನ್ನು ರಾಜ್ಯದಲ್ಲೇ ಮಾಡಿಸಿದ. 1788ರಲ್ಲಿ ಫ್ರಾನ್ಸ್‌ಗೆ ಹೋದ ಆತನ ರಾಯಭಾರಿಗಳು ದೊರೆ 16ನೇ ಲೂಯಿ ಬಳಿ ಕುಶಲಕರ್ಮಿಗಳನ್ನೂ ಕೇಳಿದ್ದರು. ಆತನ ಖಾಸಾ ಬಂದೂಕುಗಳಲ್ಲಿ ಹುಲಿಮುಖ, ಹುಲಿಪಟ್ಟೆ, ಪರ್ಷಿಯನ್ ಬರಹಗಳು ಕಾಣುತ್ತವೆ.

1787ರ ಸುಮಾರಿಗೆ ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ಅದರಂತೆ 1222 ಎಂದರೆ 1794-95. ಅದು ಎಂಥ ಕಾಲ ಗೊತ್ತೇ? 1792ರ ಸೋಲಿನಲ್ಲಿ ಅರ್ಧ ರಾಜ್ಯ ಕೈತಪ್ಪಿತ್ತು. 3.30 ಕೋಟಿ ರೂಪಾಯಿ ದಂಡಕ್ಕಾಗಿ ಇಬ್ಬರು ಮಕ್ಕಳನ್ನು ಬ್ರಿಟಿಷರಲ್ಲಿ ಒತ್ತೆ ಇಡಬೇಕಾಗಿ ಬಂದಿತ್ತು. ಆ ಪೆಟ್ಟಿನ ನಂತರವೂ ಕಮ್ಮಟಗಳ ಕುಲುಮೆ ಆರಿರಲಿಲ್ಲ ಎಂಬುದಕ್ಕೆ ಇಂಥ ಬಂದೂಕು ಸಾಕ್ಷಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಆತನ ಆಯುಧಗಳು ಲೂಟಿಯಾದವು, ಗೆದ್ದವರ ಪಾಲಾಗಿ ಹಡಗೇರಿದವು. ಹಲವು ಬ್ರಿಟನ್ನಿನ ಮನೆಗಳಲ್ಲಿ ತಲೆಮಾರುಗಟ್ಟಲೆ ಉಳಿದು ಈಗ ಹರಾಜಿಗೆ ಬರುತ್ತಿವೆ.

ಇಸವಿ ಸರಿಹೊಂದಿದ ಮಾತ್ರಕ್ಕೆ ಬಂದೂಕು ಅಸಲಿಯಾಗದು. ಬರಹವನ್ನೂ ನಕಲು ಮಾಡಬಹುದು. ಅದಕ್ಕೇ ಸಂಶೋಧಕರು ಕೆತ್ತನೆಯ ಜೊತೆಗೆ ಅದು ಯಾರಿಂದ ಯಾರ ಕೈಗೆ ಬಂತು ಎಂಬ ಕಾಗದಪತ್ರ ಕೇಳುತ್ತಾರೆ. ಆದರೆ ಶಕೆ ತಪ್ಪಾಗಿ ಓದಿದರೆ, ಅಸಲಿ ಬಂದೂಕೂ ನಕಲಿ ಎನಿಸಿಕೊಂಡೀತು.