ಫೆಲಿಕ್ಸ್ ಬ್ಲಾಕ್: ಹೃದಯದ ಎಂಆರ್‌ಐ ಹಿಂದಿನ ಮನುಷ್ಯ

ಫಿಸಿಕ್ಸ್ ಸೈಕಲ್‌ನಲ್ಲಿ ಬ್ಲಾಕ್ ಪ್ರಮೇಯ ಅಂತ ಒಂದು ಬರುತ್ತೆ. ಸ್ಫಟಿಕದೊಳಗೆ ಎಲೆಕ್ಟ್ರಾನ್ ಹೇಗೆ ಓಡಾಡುತ್ತದೆ ಅನ್ನೋ ಲೆಕ್ಕ. ನಾವೆಲ್ಲ ಅದನ್ನು ಅಂಕಕ್ಕಾಗಿ ಓದಿ ಮುಂದೆ ಹೋಗ್ತೀವಿ. ಅದೇ ಬ್ಲಾಕ್ ಮುಂದೆ ಬರೆದ ಇನ್ನೊಂದು ಸಮೀಕರಣ, ಹಾರ್ಟ್ ಅಟ್ಯಾಕ್ ಆದವರ ಹೃದಯದಲ್ಲಿ ಎಷ್ಟು ಸ್ನಾಯು ಸತ್ತಿದೆ, ಎಷ್ಟು ಬದುಕಿದೆ ಅಂತ ಎದೆ ಸೀಳದೆ ಹೇಳುವುದಕ್ಕೆ ಬಳಕೆಯಾಗ್ತಿದೆ.

ಫೆಲಿಕ್ಸ್ ಬ್ಲಾಕ್ ಹುಟ್ಟಿದ್ದು 1905ರ ಅಕ್ಟೋಬರ್ 23ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅಪ್ಪ ಧಾನ್ಯದ ವ್ಯಾಪಾರಿ. ಹುಡುಗ ಸೇರಿದ್ದು ಎಂಜಿನಿಯರಿಂಗಿಗೇ! ಒಂದು ವರ್ಷ ಓದಿ, ಇದು ನನ್ನದಲ್ಲ ಅನ್ನಿಸಿ ಭೌತಶಾಸ್ತ್ರಕ್ಕೆ ಹಾರಿದ. (ನಮ್ಮ ಕ್ಯಾಂಪಸ್‌ನಲ್ಲಿ ಹೀಗೆ ಅನ್ನಿಸಿದವರು ಕಮ್ಮಿಯೇನಿಲ್ಲ, ಮನೆಯಲ್ಲಿ ಒಪ್ಪಬೇಕಷ್ಟೆ.) ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗ್ ಕೈಕೆಳಗೆ 1928ರಲ್ಲಿ ಡಾಕ್ಟರೇಟ್ ಆಯಿತು. ಆ ಪ್ರಮೇಯ ಅಲ್ಲಿಂದಲೇ ಬಂದದ್ದು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಬ್ಲಾಕ್ ಯಹೂದಿ. ಜರ್ಮನಿ ಬಿಟ್ಟು ಮರುವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿಕೊಂಡರು. ಯುದ್ಧದ ಕಾಲದಲ್ಲಿ ಸ್ವಲ್ಪ ದಿನ ಲಾಸ್ ಅಲಾಮೋಸ್, ಆಮೇಲೆ ಹಾರ್ವರ್ಡಿನಲ್ಲಿ ಶತ್ರುವಿನ ರಾಡಾರ್ ಕಣ್ಣು ತಪ್ಪಿಸುವ ಕೆಲಸ. ಅವರ ಬದುಕಿನ ತಿರುವು ಇದೇ ಅಂತ ನಮಗನ್ನಿಸುತ್ತೆ. ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದ ಮನುಷ್ಯ ರೇಡಿಯೋ ಸರ್ಕ್ಯೂಟುಗಳ ಜೊತೆ ಪಳಗಿದ್ದು ಅಲ್ಲಿ. ಚಳ್ಳಕೆರೆ ಕಡೆಯ ವರವು ಕಾವಲ್‌ನಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯವಿದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು. ಈಗ ಅಲ್ಲಿ ಡ್ರೋನ್ ಹಾರುತ್ತದೆ, ರಾಡಾರ್ ನೋಡುತ್ತದೆ. ಮೇವಿನ ಜಾಗ ಕಳಕೊಂಡವರದು ಬೇರೆಯೇ ಕಥೆ. ರೇಡಿಯೋ ಅಲೆ ಕಳಿಸಿ ಉತ್ತರಕ್ಕೆ ಕಿವಿಗೊಡುವುದು ರಾಡಾರ್‌ನ ಕೆಲಸ. ಬ್ಲಾಕ್ ಇದನ್ನೇ ಪರಮಾಣುವಿನ ನ್ಯೂಕ್ಲಿಯಸ್ ಮೇಲೆ ಪ್ರಯೋಗಿಸಿದರು.

1946ರ ಶುರುವಿನಲ್ಲಿ ಹ್ಯಾನ್ಸನ್, ಪ್ಯಾಕರ್ಡ್ ಜೊತೆ ಸೇರಿ ನೀರನ್ನು ಅಯಸ್ಕಾಂತದ ನಡುವೆ ಇಟ್ಟು, ಅದರೊಳಗಿನ ಪ್ರೋಟಾನ್‌ಗಳ ಸಂಕೇತ ಹಿಡಿದರು. ಹಾರ್ವರ್ಡಿನಲ್ಲಿ ಪರ್ಸೆಲ್ ತಂಡ ಸ್ವಲ್ಪ ಮುಂಚೆಯೇ, ಬೇರೆ ದಾರಿಯಲ್ಲಿ, ಇದನ್ನು ಕಂಡಿತ್ತು. ಆದರೆ ಬ್ಲಾಕ್ ಎರಡು ಕಾಲಗಳನ್ನು ಸಮೀಕರಣಕ್ಕೆ ತಂದರು. ಅಲುಗಿಸಿದ ಪ್ರೋಟಾನ್‌ಗಳು ಮತ್ತೆ ಅಯಸ್ಕಾಂತದ ದಿಕ್ಕಿಗೆ ಮರಳಲು ಹಿಡಿಯುವ ಕಾಲ ಟಿ1. ಒಟ್ಟಿಗೆ ತಿರುಗುತ್ತಿದ್ದವು ತಾಳ ತಪ್ಪುವ ಕಾಲ ಟಿ2. ನೀರಿನ ಟಿ1 ತೀರಾ ಉದ್ದ ಇದ್ದುಬಿಟ್ಟರೆ ಏನೂ ಕಾಣಿಸದು ಅನ್ನೋ ಅಂಜಿಕೆ ಇತ್ತು; ಅದಕ್ಕೇ ನೀರಿಗೆ ಕಬ್ಬಿಣದ ನೈಟ್ರೇಟ್ ಬೆರೆಸಿ ಟಿ1 ಕುಗ್ಗಿಸಿದರು. ಈ ಉಪಾಯ ನೆನಪಿರಲಿ.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್, ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಅಂತ ಅಳೆದು ಪ್ರಕಟಿಸಿದರು. ದಣಿದ ಪ್ರೋಟಾನ್‌ಗಳು ಹೊರಗೆ ಹರಿದು ಹೊಸವು ಬಂದರೆ ಸಂಕೇತ ಜೋರಾಗುತ್ತದೆ. ರಕ್ತನಾಳದ ಎಂಆರ್‌ಐನಲ್ಲಿ ಹರಿಯುವ ರಕ್ತ ಹೊಳೆಯುವುದರ ಹಿಂದೆ ಇದೇ ತತ್ವ ಇದೆ. ಆ ಸಂಸ್ಥೆಯ ಎರಡನೇ ಕ್ಯಾಂಪಸ್ ಈಗ ಇದೇ ಕಾವಲ್ ಸೀಮೆಯ ಖುದಾಪುರದಲ್ಲಿದೆ.

1952ರಲ್ಲಿ ಬ್ಲಾಕ್, ಪರ್ಸೆಲ್ ಇಬ್ಬರಿಗೂ ನೊಬೆಲ್ ಬಂತು. 1954ರಲ್ಲಿ ಸರ್ನ್‌ನ ಮೊದಲ ಮಹಾನಿರ್ದೇಶಕರಾದ ಬ್ಲಾಕ್, ಮರುವರ್ಷವೇ ಸ್ಟ್ಯಾನ್‌ಫರ್ಡಿಗೆ ವಾಪಸ್. 1973ರಲ್ಲಿ ಲಾಟರ್‌ಬರ್ ಈ ಸಂಕೇತದಿಂದ ಚಿತ್ರ ಬಿಡಿಸಿ ತೋರಿಸಿದ್ದನ್ನು ಬ್ಲಾಕ್ ಕಂಡರು. ತೀರಿಕೊಂಡದ್ದು 1983ರ ಸೆಪ್ಟೆಂಬರ್ 10ರಂದು, ಹುಟ್ಟೂರು ಜ್ಯೂರಿಕ್‌ನಲ್ಲೇ.

ಹೃದಯದ ಕಥೆ ಬೆಳೆದದ್ದು ಹೆಚ್ಚಾಗಿ ಅವರು ಹೋದ ಮೇಲೆ. ವರವು ಕಾವಲ್ ಪಕ್ಕದ ಹಳ್ಳಿಯಲ್ಲಿ ಒಬ್ಬರಿಗೆ ರಾತ್ರಿ ಎದೆನೋವು ಶುರುವಾಯಿತು ಅಂದುಕೊಳ್ಳಿ. ಗ್ಯಾಸ್ಟ್ರಿಕ್ ಅಂತ ಬೆಳಗಿನ ತನಕ ಕಾದರು. ರಕ್ತನಾಳ ಕಟ್ಟಿಕೊಂಡ ಅರ್ಧ ಗಂಟೆಯೊಳಗೇ ಸ್ನಾಯು ಸಾಯಲು ಶುರುವಾಗಿರುತ್ತೆ. ಬೆಂಗಳೂರು ಸುಮಾರು 200 ಕಿ.ಮೀ. ದೂರ. ತಡವಾಗಿ ತಲುಪಿದವರಿಗೆ ಬೈಪಾಸ್ ಮಾಡಿದರೆ ಪ್ರಯೋಜನ ಇದೆಯಾ? ಸತ್ತ ಸ್ನಾಯುವಿಗೆ ರಕ್ತ ಹರಿಸಿ ಏನು ಬಂತು?

ಅಲ್ಲಿ ಬ್ಲಾಕ್‌ರ ಎರಡು ಕಾಲಗಳು ಕೆಲಸಕ್ಕೆ ಬರ್ತವೆ. ಪೆಟ್ಟು ತಿಂದ ಸ್ನಾಯುವಿನಲ್ಲಿ ನೀರು ತುಂಬಿ ಊತ ಬರುತ್ತದೆ, ಟಿ2 ಉದ್ದವಾಗುತ್ತದೆ. ಆಮೇಲೆ ಗ್ಯಾಡೋಲಿನಿಯಂ ಇಂಜೆಕ್ಷನ್. ಕಬ್ಬಿಣದ ನೈಟ್ರೇಟ್ ಮಾಡಿದ ಕೆಲಸವನ್ನೇ ಇದು ಮಾಡೋದು: ಟಿ1 ಕುಗ್ಗಿಸೋದು. ಆರೋಗ್ಯದ ಸ್ನಾಯುವಿನಿಂದ ಅದು ಬೇಗ ತೊಳೆದುಹೋಗುತ್ತದೆ. ಕೋಶದ ಪೊರೆ ಒಡೆದ ಕಡೆ ಉಳಿದುಬಿಡುತ್ತದೆ. ಹತ್ತು-ಹದಿನೈದು ನಿಮಿಷ ಕಾದು, ಆರೋಗ್ಯದ ಭಾಗದ ಸಂಕೇತ ಸೊನ್ನೆಯಾಗುವ ಕ್ಷಣ ನೋಡಿ ಚಿತ್ರ ತೆಗೆದರೆ ಬದುಕಿದ ಸ್ನಾಯು ಕಪ್ಪು, ಸತ್ತದ್ದು ಬೆಳ್ಳಗೆ. ಹೃದಯ ನಿಲ್ಲೋದಿಲ್ಲವಲ್ಲ, ಹಾಗಾಗಿ ಇಸಿಜಿಗೆ ತಾಳ ಹೊಂದಿಸಿ, ರೋಗಿಗೆ ಉಸಿರು ಹಿಡಿಯಲು ಹೇಳಿ ತೆಗೀತಾರೆ.

ಹೃದಯದ ಗೋಡೆಯ ದಪ್ಪದಲ್ಲಿ ಬಿಳಿ ಭಾಗ ಕಾಲುಪಾಲಿಗಿಂತ ಕಮ್ಮಿ ಇದ್ದರೆ, ರಕ್ತ ಹರಿದ ಮೇಲೆ ಆ ಭಾಗ ಮತ್ತೆ ಬಡಿಯುವ ಸಾಧ್ಯತೆ ಚೆನ್ನಾಗಿದೆ. ಮುಕ್ಕಾಲು ದಾಟಿದ್ದರೆ ಆಸೆ ಬಹಳ ಕಮ್ಮಿ. ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದಾಗ ಊತ ಇಳಿದಿರುತ್ತದೆ, ಸತ್ತ ಜಾಗದಲ್ಲಿ ಗಟ್ಟಿ ಕಲೆ ಕೂತಿರುತ್ತದೆ. ಉಳಿದ ಸ್ನಾಯು ಎಷ್ಟು ಹೊರೆ ಹೊರುತ್ತಿದೆ ಅನ್ನೋದನ್ನು ಡಾಕ್ಟರು ಆಗ ಅಳೆದು, ಮಾತ್ರೆ ಸಾಕೋ, ಇನ್ನೇನಾದರೂ ಬೇಕೋ ಅಂತ ತೀರ್ಮಾನಿಸ್ತಾರೆ.