ಬಣ್ಣಗಳ ಬೆನ್ನು ಹತ್ತಿದ ಪಾಲ್ ಎರ್ಲಿಕ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಮಲೇರಿಯದ ಶಂಕೆಯಿರುವ ರೋಗಿಯ ಬೆರಳಿನಿಂದ ಹನಿ ರಕ್ತವನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ ಸವರುವುದುಂಟು. ಬಣ್ಣ ಹಚ್ಚದ ರಕ್ತದಲ್ಲಿ ರೋಗಾಣುವನ್ನು ಗುರುತಿಸುವುದು ಕಷ್ಟ. ಮಿಥಿಲೀನ್ ನೀಲಿಯಿಂದ ತಯಾರಾದ ಬಣ್ಣವನ್ನು ಹಚ್ಚಿದರೆ ಅದು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತದೆ. ಬಟ್ಟೆಗೆಂದು ಹುಟ್ಟಿದ ಇಂತಹ ಕೃತಕ ಬಣ್ಣಗಳನ್ನು ಜೀವದ ಗುಟ್ಟನ್ನು ಅರಿಯುವ ಸಾಧನಗಳನ್ನಾಗಿ ಮಾಡಿದವರಲ್ಲಿ ಪಾಲ್ ಎರ್ಲಿಕ್ ಅಗ್ರಗಣ್ಯನು.

ಎರ್ಲಿಕ್ ೧೮೫೪ನೆಯ ಮಾರ್ಚ್ ೧೪ರಂದು ಸ್ಟ್ರೇಲೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದನು. ಅಂದು ಪ್ರಷ್ಯಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ಆಗ ಜರ್ಮನಿಯ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಬಗೆಬಗೆಯ ಬಣ್ಣಗಳು ತಯಾರಾಗುತ್ತಿದ್ದವು. ಬಂಧುವಾದ ಕಾರ್ಲ್ ವೈಗರ್ಟ್ ಅವುಗಳಿಂದ ಅಂಗಾಂಶಗಳಿಗೆ ಬಣ್ಣ ಹಾಕುವುದನ್ನು ಕಂಡು ಎರ್ಲಿಕ್ ಮಾರುಹೋದನು. ವೈದ್ಯ ವಿದ್ಯಾರ್ಥಿಯಾಗಿದ್ದಾಗ ಅವನ ಮೇಜು ಸದಾ ಬಣ್ಣದ ಕಲೆಗಳಿಂದ ತುಂಬಿರುತ್ತಿತ್ತು. ಒಂದು ಬಣ್ಣವು ಒಂದು ಅಂಗಾಂಶವನ್ನು ಮಾತ್ರ ಹಿಡಿದು ಮತ್ತೊಂದನ್ನು ಬಿಡುವುದೇಕೆ? ಈ ಪ್ರಶ್ನೆ ಅವನನ್ನು ಜೀವನಪರ್ಯಂತ ಬಿಡಲಿಲ್ಲ.

ಜೀವಕೋಶವು ಆಹಾರವನ್ನು ಉತ್ಕರ್ಷಿಸಿ ಶಕ್ತಿಯನ್ನು ಪಡೆಯುತ್ತದೆ. ಈ ಕ್ರಿಯೆಯಲ್ಲಿ ಬಿಡುಗಡೆಯಾಗುವ ಹೈಡ್ರೋಜನ್ನನ್ನು ಕೆಲವು ನೀಲಿ ಬಣ್ಣಗಳು ಸ್ವೀಕರಿಸಿ ಬಣ್ಣಗೆಡುತ್ತವೆ; ಆಮ್ಲಜನಕ ಸೋಕಿದರೆ ಮತ್ತೆ ನೀಲಿಯಾಗುತ್ತವೆ. ಎರ್ಲಿಕ್ ಇಂತಹ ಬಣ್ಣಗಳನ್ನು ಪ್ರಾಣಿಗಳ ದೇಹಕ್ಕೆ ಸೇರಿಸಿ ಪರೀಕ್ಷಿಸಿದನು. ಕೆಲವು ಅಂಗಗಳು ನೀಲಿಯಾಗಿಯೇ ಉಳಿದವು. ಕೆಲವು ಬಣ್ಣವನ್ನು ಅಳಿಸಿಬಿಟ್ಟವು. ಎಲ್ಲ ಅಂಗಗಳ ಆಮ್ಲಜನಕದ ಸ್ಥಿತಿಯೂ ಒಂದೇ ಅಲ್ಲವೆಂದು ಇದರಿಂದ ತಿಳಿಯಿತು. ೧೮೮೫ರಲ್ಲಿ ಅವನು ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಮಿಥಿಲೀನ್ ನೀಲಿಯು ಜೀವಂತ ನರತಂತುಗಳನ್ನು ಆರಿಸಿ ಹಿಡಿಯುವುದನ್ನೂ ಮರುವರ್ಷ ತೋರಿಸಿದನು.

ಅಷ್ಟರಲ್ಲಿ ವಿಧಿ ಅವನನ್ನೇ ಪರೀಕ್ಷೆಗೆ ಒಡ್ಡಿತು. ಕ್ಷಯದ ರೋಗಾಣುವಿಗೆ ಬಣ್ಣ ಹಾಕುವ ಉತ್ತಮ ವಿಧಾನವನ್ನು ೧೮೮೨ರಲ್ಲಿ ರೂಪಿಸಿದ್ದ ಎರ್ಲಿಕ್ ಸ್ವತಃ ಕ್ಷಯಕ್ಕೆ ತುತ್ತಾದನು. ಆರೋಗ್ಯವನ್ನರಸಿ ಈಜಿಪ್ಟಿಗೆ ಹೋದನು. ಗುಣಹೊಂದಿ ಮರಳಿದಾಗ ಉದ್ಯೋಗವಿರಲಿಲ್ಲ. ಆದರೂ ಎದೆಗುಂದದೆ ಬರ್ಲಿನ್ನಿನಲ್ಲಿ ಚಿಕ್ಕದೊಂದು ಪ್ರಯೋಗಶಾಲೆಯನ್ನು ತಾನೇ ತೆರೆದನು.

ರೋಗಾಣುವನ್ನು ಆರಿಸಿ ಹಿಡಿಯುವ ಬಣ್ಣವು ಅದನ್ನು ಕೊಲ್ಲಲೂ ಬಾರದೇಕೆ ಎಂದು ಎರ್ಲಿಕ್ ಯೋಚಿಸಿದನು. ೧೮೯೧ರಲ್ಲಿ ಗುಟ್‌ಮನ್ ಎಂಬ ವೈದ್ಯನೊಡನೆ ಇಬ್ಬರು ಮಲೇರಿಯ ರೋಗಿಗಳಿಗೆ ಮಿಥಿಲೀನ್ ನೀಲಿಯನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಕ್ವಿನೈನಿನಷ್ಟು ಪ್ರಬಲವಲ್ಲದಿದ್ದರೂ ಅದು ಹೊಸ ದಾರಿಯನ್ನು ತೆರೆಯಿತು. ಅದೇ ದಾರಿಯಲ್ಲಿ ನಡೆದು, ನೂರಾರು ರಾಸಾಯನಿಕಗಳು ವಿಫಲವಾದರೂ ಎರ್ಲಿಕ್ ಹಿಂಜರಿಯಲಿಲ್ಲ. ೧೯೦೯ರಲ್ಲಿ ಜಪಾನಿನ ಹಾಟಾ ಎಂಬ ಸಹೋದ್ಯೋಗಿಯ ಪರೀಕ್ಷೆಗಳಿಂದ ೬೦೬ನೆಯ ಸಂಖ್ಯೆಯ ವಸ್ತುವು ಸಿಫಿಲಿಸ್ ರೋಗಕ್ಕೆ ಮದ್ದೆಂದು ಸಿದ್ಧವಾಯಿತು. ರೋಗನಿರೋಧಶಕ್ತಿಯ ಸಂಶೋಧನೆಗಾಗಿ ೧೯೦೮ರಲ್ಲಿ ಮೆಕ್ನಿಕಾಫ್‌ನೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆತಿತ್ತು.

೧೯೧೫ನೆಯ ಆಗಸ್ಟ್ ೨೦ರಂದು ಎರ್ಲಿಕ್ ನಿಧನನಾದನು. ಮುಂದೆ ಸ್ವೀಡನ್ನಿನ ಥುನ್‌ಬರ್ಗ್, ಗಾಳಿ ತೆಗೆದ ನಳಿಕೆಯಲ್ಲಿ ಮಿಥಿಲೀನ್ ನೀಲಿಯು ಬಣ್ಣಗೆಡಲು ಹಿಡಿಯುವ ಕಾಲವನ್ನು ಎಣಿಸಿ, ಜೀವಕೋಶದ ಕಿಣ್ವಗಳ ಚಟುವಟಿಕೆಯನ್ನು ಅಳೆದನು. ಮೇಜಿನ ಮೇಲಿನ ಬಣ್ಣದ ಕಲೆಗಳ ನಡುವೆ ಒಬ್ಬ ವಿದ್ಯಾರ್ಥಿಗೆ ಹುಟ್ಟಿದ ಪ್ರಶ್ನೆಯು ಹೀಗೆ ಜೀವಕೋಶದ ಉಸಿರಾಟವನ್ನೇ ಕಣ್ಣಿಗೆ ಕಾಣಿಸಿತು. ರೋಗಿಗಳಿಗೆ ಬದುಕನ್ನೂ ನೀಡಿತು.