ಏಳು ತಂತಿಯ ಪಿಟೀಲು, ಎಂಟು ವರ್ಷದ ಸಾಧನೆ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿ ದಾಟಿ ಹರಿಯುವ ಕಪಿಲೆ ನಮ್ಮ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇವೆರಡರ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆ ಎಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ಬಸ್ಸಿನ ಬೋರ್ಡಿನಲ್ಲಿ ಈ ತಿರುಮಕೂಡಲು ಕೇವಲ ‘ಟಿ.’ ಆಗಿ ನರಸೀಪುರದ ಮುಂದೆ ಕೂತಿದೆ. ಆದರೆ ಅದೇ ಅಕ್ಷರವನ್ನು ಹೆಸರಿನ ಮುಂದೆ ಹೊತ್ತು ದಕ್ಷಿಣ ಭಾರತವೆಲ್ಲ ಸುತ್ತಿದವರೊಬ್ಬರಿದ್ದಾರೆ. ಅವರೇ ಪಿಟೀಲು ಚೌಡಯ್ಯ.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನ ಒಕ್ಕಲಿಗ ಕುಟುಂಬದಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಸಂಗಮದ ಅಗಸ್ತ್ಯೇಶ್ವರನ ಹೆಸರು ತಂದೆಯ ಹೆಸರಿನಲ್ಲೇ ಇತ್ತು. ಹದಿನೈದರ ಹುಡುಗನಾಗಿ 1910ರಲ್ಲಿ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಅಲ್ಲೇ ಪಾಠ, ಅಲ್ಲೇ ಸಾಧನೆ. ಎಂಟು ವರ್ಷ! ಮೂರು ತಿಂಗಳ ಕೋರ್ಸು ಮುಗಿಸಿ ಸರ್ಟಿಫಿಕೇಟ್ ಹಿಡಿದು ಹೊರಡುವ ನಮ್ಮ ತಲೆಮಾರಿಗೆ ಈ ಲೆಕ್ಕ ಸುಲಭಕ್ಕೆ ಒಗ್ಗುವುದಿಲ್ಲ.

ಕಛೇರಿಯಲ್ಲಿ ಪಿಟೀಲು ಪಕ್ಕವಾದ್ಯ. ಗಾಯಕರು ನಡುವೆ ಕೂರುತ್ತಾರೆ, ಪಿಟೀಲಿನವರು ಬದಿಗೆ. ಗಾಯಕರು ಮುಂದೆ ಏನು ಹಾಡುತ್ತಾರೋ ಗೊತ್ತಿಲ್ಲ. ಆದರೂ ನೆರಳಿನಂತೆ ಹಿಂದೆಯೇ ಸಾಗಬೇಕು, ಅವಕಾಶ ಕೊಟ್ಟಾಗ ತನ್ನದೂ ಒಂದು ಮಾತು ಹೇಳಬೇಕು. ಆಗ ಮೈಕಿನ ಅನುಕೂಲವಿರಲಿಲ್ಲ. ತುಂಬಿದ ಸಭೆಯಲ್ಲಿ ಗಾಯಕರ ಗಟ್ಟಿ ಕಂಠ, ಮೃದಂಗದ ನಾದಗಳ ನಡುವೆ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಎಂಟು ವರ್ಷ ದುಡಿದು ಕಲಿತ ವಿದ್ಯೆ ಕೇಳುಗರಿಗೆ ತಲುಪದಿದ್ದರೆ ಏನು ಪ್ರಯೋಜನ?

ಚೌಡಯ್ಯನವರು ಸಭೆಯನ್ನು ದೂರುತ್ತ ಕೂರಲಿಲ್ಲ, ವಾದ್ಯಕ್ಕೇ ಕೈ ಹಾಕಿದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ, 1927ರಿಂದ ಕಛೇರಿಗಳಲ್ಲಿ ಏಳು ತಂತಿಯ ಪಿಟೀಲನ್ನೇ ನುಡಿಸತೊಡಗಿದರು. ತಂತಿ ಹೆಚ್ಚಾದಂತೆ ಕೆಲಸವೂ ಹೆಚ್ಚು. ಏಳನ್ನೂ ಶ್ರುತಿಗೆ ಕೂಡಿಸಬೇಕು, ಬೆರಳು, ಕಮಾನು ಎರಡನ್ನೂ ಹೊಸದಾಗಿ ಪಳಗಿಸಬೇಕು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ದೊಡ್ಡದಾದ, ತುಂಬಿದ ನಾದ. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರಂಥ ಘಟಾನುಘಟಿಗಳ ಪಕ್ಕದಲ್ಲಿ ಆ ನಾದ ಮೊಳಗಿತು. 1943ರ ‘ವಾಣಿ’ ಎಂಬ ಕನ್ನಡ ಚಲನಚಿತ್ರದಲ್ಲೂ ಚೌಡಯ್ಯನವರು ಕಾಣಿಸಿಕೊಂಡರು.

1939ರಲ್ಲಿ ಅವರು ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಬಂತು; ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅದೇ ವರ್ಷ. ಕೃತಿಗಳನ್ನೂ ರಚಿಸಿದರು. ಈಗಿನ ಕೆಲವು ರಾಕ್ ಬ್ಯಾಂಡ್‌ಗಳು ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ನೋಡಿದ ಪಾತ್ರದ ಹೆಸರನ್ನೇ ತಮಗಿಟ್ಟುಕೊಳ್ಳುತ್ತವೆ. ಚೌಡಯ್ಯನವರು ಕೃತಿಗಳ ಅಂಕಿತಕ್ಕೆ ಆರಿಸಿಕೊಂಡದ್ದು ‘ತ್ರಿಮಕುಟ’, ಹುಟ್ಟೂರಿನ ಗುರುತು.

ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಸಂಗತಿ. ಕಾಲ ಕಳೆದಂತೆ ಸಭೆಗಳಿಗೆ ಮೈಕು ಬಂತು. ಸಣ್ಣ ದನಿಯೂ ಕೊನೆಯ ಸಾಲಿಗೆ ಕೇಳುವಂತಾಯಿತು. ಇಂದು ಕಛೇರಿಗಳಲ್ಲಿ ನಾವು ನೋಡುವುದು ಹೆಚ್ಚಾಗಿ ನಾಲ್ಕು ತಂತಿಯ ಪಿಟೀಲನ್ನೇ. ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ಕಲಿತದ್ದನ್ನು ಯಂತ್ರವೊಂದು ಬಂದು ಕಸಿದುಕೊಂಡೀತು ಎಂಬ ಭಯದಲ್ಲೇ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದು ಬರೀ ಸಂಗೀತದ ಪ್ರಶ್ನೆಯಲ್ಲ.

ವ್ಯರ್ಥವಾಗಲಿಲ್ಲ ಎಂದೇ ನನ್ನ ನಂಬಿಕೆ. ಮೈಕು ದನಿಯನ್ನು ದೊಡ್ಡದು ಮಾಡಬಲ್ಲದು. ಗಾಯಕರ ಮನಸ್ಸನ್ನು ಅರಿತು ಹಿಂಬಾಲಿಸುವ ಕಿವಿಯನ್ನು ಕೊಡಲಾರದು. ಮೂರು ತಂತಿಗಳು ಅವರ ಕಾಲದ ತೊಂದರೆಗೆ ಕಂಡುಕೊಂಡ ಉತ್ತರ. ಆ ಉತ್ತರ ಹೊಳೆಯಲು ಬೇಕಾದ ತಯಾರಿ ನಡೆದದ್ದು ಗುರುಗಳ ಮನೆಯ ಎಂಟು ವರ್ಷಗಳಲ್ಲಿ. ಸಲಕರಣೆ ಹಳೆಯದಾಗಬಹುದು, ಸಾಧನೆ ಆಗದು.

ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿ 19ರಂದು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಎದ್ದು ನಿಂತಿತು. ಕಛೇರಿಗೋ ನಾಟಕಕ್ಕೋ ಅಲ್ಲಿಗೆ ಹೋಗುವವರು ಒಮ್ಮೆ ಕೊನೆಯ ಸಾಲಿನಲ್ಲಿ ಕೂತು ನೋಡಿ. ಆ ಸಾಲಿನವರಿಗೂ ಕೇಳಲಿ ಎಂದೇ ನಮ್ಮ ತಾಲ್ಲೂಕಿನ ಒಬ್ಬರು ಮೂರು ತಂತಿ ಹೆಚ್ಚು ಕಟ್ಟಿದ್ದರು.